ಹಾಡಿನಲ್ಲಿ ಯಾರಿಗೆ ಎಡೆ?

ಸ್ವಾತಂತ್ರ್ಯದ 75ನೆಯ ವರ್ಷಾಚರಣೆಯ ಅಂಗವಾಗಿ ಕೇಂದ್ರ ಸರಕಾರವು 2021ರಲ್ಲಿ ದೇಶಭಕ್ತಿ ಗೀತರಚನಾ ಸ್ಪರ್ಧೆಯೊಂದನ್ನು ಸಾರಿತು. ಇಂತಹ ಸ್ಪರ್ಧೆಗಳು ಶಾಲೆಗಳಿಗೂ ಹೊಸತಲ್ಲ. ಆದರೆ ಕಂಠಪಾಠ ಮಾಡಿದ ಗೀತೆಯನ್ನು ಹಾಡುವುದು ಬೇರೆ, ‘ನಾವು’ ಎಂದರೆ ಯಾರೆಂದು ಸ್ವತಃ ಚಿಂತಿಸಿ ಬರೆಯುವುದು ಬೇರೆ. ಆ ಪದವನ್ನು ಬರೆದೊಡನೆ ಮಗು ಒಂದು ಗೆರೆಯನ್ನೆಳೆಯುತ್ತದೆ. ಗೆರೆಯ ಹೊರಗೆ ಯಾರುಳಿದರೆಂಬುದೇ ಪ್ರಶ್ನೆ.

2004ರಲ್ಲಿ ನಾಡಗೀತೆಯಾದ ಕುವೆಂಪು ಅವರ ಗೀತೆಯು ಕ್ರೈಸ್ತರೂ ಸೇರಿದಂತೆ ವಿವಿಧ ಮತೀಯರನ್ನು ಹೆಸರಿಸಿಯೇ ಒಳಗೊಳ್ಳುತ್ತದೆ. ಹಾಡದವರ ಗತಿಯೇನು? ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಧಾರ್ಮಿಕ ನಂಬಿಕೆಯ ನಿಮಿತ್ತ ಹಾಡದಿದ್ದ ಕೇರಳದ ಮೂವರು ಮಕ್ಕಳನ್ನು 1985ರಲ್ಲಿ ಶಾಲೆಯಿಂದ ಹೊರಹಾಕಲಾಗಿತ್ತು. ಆ ಮೌನವು ಅಗೌರವವಲ್ಲವೆಂದು ಬಗೆದ ಸರ್ವೋಚ್ಚ ನ್ಯಾಯಾಲಯವು, ಅವರನ್ನು ಮರಳಿ ಸೇರಿಸಿಕೊಳ್ಳುವಂತೆ 1986ರಲ್ಲಿ ಆದೇಶಿಸಿತು. ಅರ್ಥಾತ್, ದೇಶಪ್ರೇಮವನ್ನು ಕೇವಲ ಕಂಠದಿಂದ ಅಳೆಯಲಾಗದು.

ಗಡಿಯ ವೀರರನ್ನು ಹೊಗಳುವ ಸಾಲು ಸುಲಭವಾಗಿ ಹೊಳೆಯುತ್ತದೆ. ಮನೆಯಲ್ಲಿ ಬೇರೆ ನುಡಿಯಾಡುವ, ಪಕ್ಕದ ಬೆಂಚಿನಲ್ಲಿ ಕುಳಿತ ವಲಸೆ ಕಾರ್ಮಿಕನ ಮಗುವಿಗೆ ಎಡೆಗೊಡುವ ಸಾಲು ಕಷ್ಟದ್ದು. ತಂದೆತಾಯಂದಿರೇ, ನಿಮ್ಮ ಮಕ್ಕಳು ಹಾಡು ಬರೆದು ತಂದಾಗ, ಬಹುಮಾನ ಬಂತೇ ಎಂದು ವಿಚಾರಿಸುವ ಮೊದಲು, ಆ ಮಗುವೂ ಇದನ್ನು ತನ್ನದೆಂದು ಹಾಡಬಲ್ಲದೇ ಎಂದು ಕೇಳಿರಿ.