ಸಾಲದ ಫ್ಲ್ಯಾಶ್ ಬೇಡ, ಒಂದು ಒಳ್ಳೆಯ ಲೈಟ್ ಸಾಕು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ಹೊಸದಾಗಿ ಸ್ಟುಡಿಯೊ ಇಡಲು ಹೊರಟ ಹುಡುಗರಿಗೆ ನಾನು ಹೇಳುತ್ತ ಬಂದಿರುವುದು ಒಂದೇ ಮಾತು: ಸಾಲ ಮಾಡಿ ದೊಡ್ಡ ಫ್ಲ್ಯಾಶ್ ಸೆಟ್ ತರಬೇಡಿ, ಸದಾ ಉರಿಯುವ ಒಂದು ಒಳ್ಳೆಯ ಎಲ್‌ಇಡಿ ಲೈಟ್ ಕೊಳ್ಳಿ. ಈ ಮಾತಿಗೆ ವೃತ್ತಿಯ ಹಿರಿಯರಿಂದಲೇ ವಿರೋಧ ಜಾಸ್ತಿ. ಅವರ ಅನುಭವದ ಮೇಲೆ ನನಗೆ ಗೌರವವಿದೆ. ಆದರೆ ಅವರ ಆಕ್ಷೇಪಗಳನ್ನು ನಾನು ಒಪ್ಪಲಾರೆ.

ಮೊದಲನೆಯ ಆಕ್ಷೇಪ: ಫ್ಲ್ಯಾಶ್‌ಗಿರುವ ಶಕ್ತಿ ಎಲ್‌ಇಡಿಗೆ ಎಲ್ಲಿದೆ? ಇಲ್ಲ, ನಿಜ. ಲೆಕ್ಕವೇ ಹೇಳುತ್ತದೆ. 60 ವಾಟ್‌ನ ಲೈಟ್, ಶಟರ್ ಸೆಕೆಂಡಿನ 60ನೇ ಒಂದು ಭಾಗ ತೆರೆದಿದ್ದಾಗ ಬಳಸುವುದು 1 ಜೂಲ್ ವಿದ್ಯುತ್. ಸಾಧಾರಣ ಸ್ಟುಡಿಯೊ ಫ್ಲ್ಯಾಶ್ ಒಂದೇ ಏಟಿಗೆ 200 ಜೂಲ್ ಸುರಿಯುತ್ತದೆ. ಮದುವೆ ಮಂಟಪದಲ್ಲಿ ನಲವತ್ತು ಜನ ನೆಂಟರನ್ನು ಸಾಲಾಗಿ ನಿಲ್ಲಿಸಿದಾಗ, ಕುಣಿಯುವವರನ್ನು ಹಿಡಿಯುವಾಗ ಫ್ಲ್ಯಾಶೇ ಬೇಕು. ಆದರೆ ನಮ್ಮ ಊರಿನ ಸ್ಟುಡಿಯೊಗಳ ದಿನದ ದುಡಿಮೆ ಯಾವುದು? ಪಾಸ್‌ಪೋರ್ಟ್ ಫೋಟೊ, ಶಾಲೆಯ ಗುರುತಿನ ಚೀಟಿ, ಸೀಮಂತದ ಹೆಣ್ಣುಮಗಳು, ನಾಮಕರಣದ ಮಗು, ಮಾರಾಟಕ್ಕಿಟ್ಟ ಸೀರೆ, ಹಾಳೆತಟ್ಟೆ, ಒಡವೆ. ಇವರೆಲ್ಲ ಕೂತಲ್ಲಿ ಕೂರುವವರು, ಇವೆಲ್ಲ ಇಟ್ಟಲ್ಲಿ ಇರುವಂಥವು. ಲೈಟನ್ನು ಮೂರಡಿ ಹತ್ತಿರಕ್ಕೆ ತಂದು ಐಎಸ್ಒ 400ರಿಂದ 800, ಎಫ್ 4, ಶಟರ್ 1/100 ಇಟ್ಟರೆ ಈ ಕೆಲಸ ಆರಾಮಾಗಿ ನಡೆಯುತ್ತದೆ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಆರಡಿ ದೂರದ 240 ವಾಟ್ ಕೊಡುವಷ್ಟನ್ನು ಮೂರಡಿ ದೂರದ 60 ವಾಟ್ ಕೊಡುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯಲ್ಲಿ ದುಡ್ಡು ಕೊಟ್ಟು ವಾಟ್ ಕೊಳ್ಳುವ ಬದಲು ಸ್ಟ್ಯಾಂಡನ್ನು ಮುಂದಕ್ಕೆ ಎಳೆಯುವುದು ಜಾಣತನ.

ತೊಟ್ಟಿಲಲ್ಲಿರುವ ಕೂಸಿನ ಮುಖಕ್ಕೆ ಫ್ಲ್ಯಾಶ್ ಹೊಡೆದರೆ ಬೆಚ್ಚಿಬೀಳುತ್ತದೆ, ಆಮೇಲೆ ಅರ್ಧ ಗಂಟೆ ಅಳು. ಉರಿಯುತ್ತಿರುವ ಲೈಟಿಗೆ ಮಗು ಎರಡೇ ನಿಮಿಷದಲ್ಲಿ ಹೊಂದಿಕೊಳ್ಳುತ್ತದೆ. ಇದು ಫೋಟೊಗ್ರಾಫರ್‌ಗಿಂತ ತಾಯಂದಿರಿಗೆ ಬೇಗ ಅರ್ಥವಾಗುವ ವಿಷಯ.

ಎರಡನೆಯ ಆಕ್ಷೇಪ: ಇದು ವಿಡಿಯೊದವರ ಲೈಟು, ಫೋಟೊಗಲ್ಲ. ಎಲೆಕ್ಟ್ರಾನಿಕ್ ಫ್ಲ್ಯಾಶ್ ಬರುವ ಮೊದಲು ಸ್ಟುಡಿಯೊಗಳು ಗಾಜಿನ ಚಾವಣಿಯ ಬಿಸಿಲಿನಲ್ಲಿ, ಆಮೇಲೆ ಫೋಟೊಫ್ಲಡ್ ಬಲ್ಬಿನಲ್ಲಿ ದುಡಿದವು. ಅಜ್ಜ ಅಜ್ಜಿಯರ ಎಷ್ಟೋ ಹಳೆಯ ಫೋಟೊಗಳು ನಿಂತ ಬೆಳಕಿನಲ್ಲೇ ತೆಗೆದವು. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೊ ಒಳಕ್ಕೆ ತಿರುಗಿಸಿ ಆ ಹೆಸರಾಂತ ಬೆಳಕಿನ ಕೋಲನ್ನು ಮೂಡಿಸಿದರು. ಬೆಳಕು ಎದುರಿಗೆ ಉರಿಯುತ್ತಿದ್ದರೆ ನೆರಳು ಎಲ್ಲಿ ಬೀಳುತ್ತದೆ, ಕನ್ನಡಕದಲ್ಲಿ ಏನು ಮಿನುಗುತ್ತದೆ ಎಂಬುದು ಬಟನ್ ಒತ್ತುವ ಮೊದಲೇ ಕಣ್ಣಿಗೆ ಬೀಳುತ್ತದೆ. ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳವೆನ್ನಲಾದ ಸೂರಗೊಂಡನಕೊಪ್ಪ ಇರುವ ನ್ಯಾಮತಿ ತಾಲ್ಲೂಕಿನಲ್ಲಿ ಕನ್ನಡಿ ಬಿಲ್ಲೆ ಹೊಲಿದ ಲಂಬಾಣಿ ಉಡುಗೆಯ ಫೋಟೊ ತೆಗೆದು ನೋಡಿ. ಫ್ಲ್ಯಾಶ್ ಹೊಡೆದರೆ ಯಾವ ಬಿಲ್ಲೆ ಬೆಳ್ಳಗೆ ಸುಟ್ಟುಹೋಯಿತು ಎಂದು ತಿಳಿಯುವುದು ತೆಗೆದ ಮೇಲೆ. ಉರಿಯುವ ಲೈಟನ್ನು ಅರ್ಧ ಅಡಿ ಸರಿಸಿದರೆ ಬಿಲ್ಲೆಗಳು ಒಂದೊಂದಾಗಿ ತಣ್ಣಗಾಗುವುದನ್ನು ನೋಡುತ್ತಲೇ ಜಾಗ ಹಿಡಿಯಬಹುದು. ಕಲಿಯುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮೂರನೆಯದು ಗಟ್ಟಿ ಆಕ್ಷೇಪ: ಎಲ್‌ಇಡಿಯಲ್ಲಿ ಮುಖ ಹಸಿರಾಗುತ್ತದೆ, ಹೆಣದ ಕಳೆ ಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಬೀದಿ ಬದಿಯ ಅಗ್ಗದ ಫ್ಲಡ್‌ಲೈಟ್ ತಂದವರಿಗೆಲ್ಲ ಹಾಗೇ ಆಗಿದೆ. ಲೈಟ್ ಬಣ್ಣವನ್ನು ಎಷ್ಟು ನಿಷ್ಠೆಯಿಂದ ತೋರುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಳತೆಯಿದೆ, ಗರಿಷ್ಠ 100. ಮನೆಬಳಕೆಯ ಎಲ್‌ಇಡಿ ಬಲ್ಬುಗಳು ಸಾಮಾನ್ಯವಾಗಿ 80ರ ಆಸುಪಾಸು, ಫೋಟೊ ಲೈಟಿಗೆ 95 ದಾಟಿರಬೇಕು. ಇಲ್ಲೊಂದು ಮೋಸಹೋಗುವ ಜಾಗವಿದೆ. ಈ ಅಂಕಿ ಎಂಟು ತಿಳಿ ಬಣ್ಣಗಳ ಸರಾಸರಿ. ಗಾಢ ಕೆಂಪು ಅದರಲ್ಲಿ ಸೇರಿಲ್ಲ, ಅದಕ್ಕೆ ಆರ್9 ಎಂಬ ಬೇರೆ ಅಂಕಿ. ಸಿಆರ್‌ಐ 80 ಇರುವ ಬಲ್ಬಿನಲ್ಲಿ ಆರ್9 ಸೊನ್ನೆಯ ಹತ್ತಿರ ಇರಬಹುದು. ನಮಗೆ ಬೇಕಾದದ್ದೋ ಕೆಂಪೇ: ಮೈಬಣ್ಣದ ಜೀವ, ಹಣೆಯ ಕುಂಕುಮ, ಧಾರೆ ಸೀರೆ. ಚನ್ನಗಿರಿಯಲ್ಲಿ ರಾಶಿ ಅಡಿಕೆಗೆ ಬೆಲೆ ಕಟ್ಟುವವರು ಬಣ್ಣ ನೋಡಿ ಕಟ್ಟುತ್ತಾರೆ. ಅಡಿಕೆಯ ಆ ಕೆಂಪು ವಾಟ್ಸ್ಆ್ಯಪ್ ಫೋಟೊದಲ್ಲಿ ಮಣ್ಣುಬಣ್ಣವಾದರೆ ನಷ್ಟ ಬೆಳೆಗಾರನಿಗೆ. ಆದ್ದರಿಂದ ಡಬ್ಬಿಯ ಮೇಲೆ ವಾಟ್ ಎಷ್ಟೆಂದು ಓದುವ ಮೊದಲು ಸಿಆರ್‌ಐ, ಆರ್9 ಎಷ್ಟೆಂದು ಓದಿ. ಬರೆದಿಲ್ಲವಾದರೆ ಆ ಲೈಟ್ ಬಿಟ್ಟುಬಿಡಿ. ಫೋಟೊ ತೆಗೆಯುವಾಗ ಕೋಣೆಯ ಟ್ಯೂಬ್‌ಲೈಟ್ ಆರಿಸುವುದನ್ನೂ ಮರೆಯಬೇಡಿ. ಎರಡು ಬಗೆಯ ಬೆಳಕು ಒಂದೇ ಮುಖದ ಮೇಲೆ ಬಿದ್ದರೆ ಕಂಪ್ಯೂಟರಿನಲ್ಲಿ ತಿದ್ದುವುದು ಬಹಳ ಕಷ್ಟ.

ಫೋಟೊದಲ್ಲಿ ಪಟ್ಟೆ ಬರುತ್ತದೆ ಎನ್ನುವವರಿಗೆ: ನಮ್ಮ ಕರೆಂಟು 50 ಹರ್ಟ್ಜ್, ಕಳಪೆ ಡ್ರೈವರ್ ಇರುವ ಬಲ್ಬು ಸೆಕೆಂಡಿಗೆ ನೂರು ಸಲ ಮಿಟುಕುತ್ತದೆ. ಶಟರನ್ನು 1/50 ಅಥವಾ 1/100ರಲ್ಲಿಡಿ. ಕೊಳ್ಳುವಾಗ ಮೊಬೈಲಿನ ಸ್ಲೋಮೋಷನ್‌ನಲ್ಲಿ ಹಿಡಿದು ನೋಡಿದರೆ ಮಿಟುಕುವ ಲೈಟ್ ಅಲ್ಲೇ ಸಿಕ್ಕಿಬೀಳುತ್ತದೆ.

ಕರೆಂಟು ತಿನ್ನುತ್ತದೆ, ಕೋಣೆ ಕಾಯುತ್ತದೆ ಎಂಬುದು ಹ್ಯಾಲೊಜೆನ್ ಕಾಲದ ದೂರು. ಸಾವಿರ ವಾಟ್‌ನ ಹ್ಯಾಲೊಜೆನ್ ಎಂಟು ಗಂಟೆಗೆ 8 ಯೂನಿಟ್ ಎಳೆಯುತ್ತಿತ್ತು, 60 ವಾಟ್‌ನ ಎಲ್‌ಇಡಿಗೆ ಅರ್ಧ ಯೂನಿಟ್ ಸಾಕು. ಜಗಳೂರಿನ ಬೇಸಿಗೆಯಲ್ಲಿ ಕರೆಂಟು ಹೋದರೂ ಮನೆಯ ಇನ್ವರ್ಟರ್ ಅದನ್ನು ಎಳೆಯುತ್ತದೆ.

ಇನ್ನು, ಅಗ್ಗದ್ದು ಅಂದರೆ ಕಳಪೆ ಎಂಬ ಮಾತು. ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂದು ತಿಳಿದಿದ್ದರೆ ಈ ಮಾತು ನಿಲ್ಲುವುದಿಲ್ಲ. ಉಳಿಸಬಾರದ್ದು ಲೈಟು, ಸ್ಟ್ಯಾಂಡಿನಲ್ಲಿ ಮಾತ್ರ. ಗೊಡಾಕ್ಸ್ ಎಸ್‌ಎಲ್60 ದರ್ಜೆಯ ಒಂದು ಲೈಟ್, ಗಟ್ಟಿಯಾದ ಒಂದು ಸ್ಟ್ಯಾಂಡ್. ಎರಡನೇ ಲೈಟಿನ ಬದಲು ಬಿಳಿ ಥರ್ಮಾಕೋಲ್ ಹಲಗೆಯನ್ನು ಮುಖದ ಆಚೆ ಬದಿಗೆ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಸಾಫ್ಟ್‌ಬಾಕ್ಸ್‌ಗೆ ದುಡ್ಡಿಲ್ಲವೇ? ಪಿವಿಸಿ ಪೈಪಿನ ಚೌಕಟ್ಟಿಗೆ ತೆಳು ಬಿಳಿ ಮಲ್ ಬಟ್ಟೆ ಬಿಗಿದು ಲೈಟಿನ ಮುಂದೆ ಎರಡಡಿ ದೂರದಲ್ಲಿಡಿ. ಛಾಯಾಗ್ರಾಹಕ ಸುಬ್ರತ ಮಿತ್ರ ‘ಅಪರಾಜಿತೋ’ (1956) ಚಿತ್ರಕ್ಕೆ ಸ್ಟುಡಿಯೊದಲ್ಲಿ ಕಟ್ಟಿದ ಕಾಶಿಯ ಮನೆಯ ಅಂಗಳದ ಮೇಲೆ ಬಿಳಿ ಬಟ್ಟೆ ಎಳೆದು, ಅದಕ್ಕೆ ಲೈಟ್ ಬಡಿಸಿ ಹಗಲಿನ ಮೃದು ಬೆಳಕು ತಂದರು. ಆ ಚಿತ್ರ ನೋಡಿದ ಯಾರೂ ಬಿಳಿ ಬಟ್ಟೆಯನ್ನು ಕಳಪೆ ಎನ್ನಲಾರರು.

ಕಿಟಕಿ ಬೆಳಕೇ ಇದೆಯಲ್ಲ ಎನ್ನುವವರ ಜೊತೆ ನನಗೆ ಜಗಳವಿಲ್ಲ. ಅದರಷ್ಟು ಚೆಂದದ ಬೆಳಕು ಬೇರೆಯಿಲ್ಲ. ಆದರೆ ಸಂಜೆ ಏಳಕ್ಕೆ ಶಾಲೆಯ ಅರ್ಜಿಗೆ ಫೋಟೊ ಬೇಕೆಂದು ಬಂದವರಿಗೆ ಬೆಳಗ್ಗೆ ಬನ್ನಿ ಎನ್ನಲಾಗದು.

ಹೊಸಬರಲ್ಲಿ ನನ್ನ ಕೋರಿಕೆ ಇಷ್ಟು: ದಾವಣಗೆರೆಗೋ ಬೆಂಗಳೂರಿಗೋ ಲೈಟ್ ತರಲು ಹೋಗುವಾಗ ಜೇಬಿನಲ್ಲಿ ನಾಲ್ಕು ರಾಶಿ ಅಡಿಕೆ, ಒಂದು ಕೆಂಪು ಬಟ್ಟೆಯ ತುಂಡು ಇಟ್ಟುಕೊಳ್ಳಿ. ಅಂಗಡಿಯಲ್ಲೇ ಲೈಟ್ ಹಾಕಿಸಿ, ಅವುಗಳ ಪಕ್ಕ ನಿಮ್ಮ ಅಂಗೈ ಇಟ್ಟು ಫೋಟೊ ತೆಗೆದು ನೋಡಿ. ಬಣ್ಣ ಸರಿ ಬಂದರೆ ಮಾತ್ರ ದುಡ್ಡು ಕೊಡಿ.