ಕಡಲಡಿಯ ದಾರಿ

ಅಡ್ಡಬಂದ ನೀರನ್ನು ದಾಟಬೇಕೆಂಬ ಹಂಬಲ ಮಾನವನಿಗೆ ಹೊಸದಲ್ಲ. ಮೊದಲು ಅವನು ಹರಿಗೋಲು ಹಾಕಿದನು; ಬಳಿಕ ಹಡಗುಗಳನ್ನು ಕಟ್ಟಿದನು, ಸೇತುವೆಗಳನ್ನು ನಿರ್ಮಿಸಿದನು; ಕೊನೆಗೆ ಸಮುದ್ರದ ತಳವನ್ನೇ ಕೊರೆದು ಅದರಡಿಯಲ್ಲಿ ದಾರಿ ಮಾಡಿಕೊಂಡನು. ಇಂಥ ಸಾಹಸಗಳ ಮಾತು ಬಂದಾಗ, ಎಲ್ಲಕ್ಕಿಂತ ಉದ್ದವಾದುದು ಯಾವುದು ಎಂದೇ ಜನರು ಮೊದಲು ಕೇಳುತ್ತಾರೆ. ಆದರೆ ಸುರಂಗವೊಂದರ ಹಿರಿಮೆ ಅದರ ಉದ್ದದಲ್ಲಿದೆಯೆ? ಜಪಾನಿನ ಸೇಕಾನ್ ಸುರಂಗದ ಕಥೆ ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಡುತ್ತದೆ.

ಜಪಾನ್ ದ್ವೀಪಗಳ ದೇಶ. ಅದರ ಮುಖ್ಯ ದ್ವೀಪವಾದ ಹೋನ್‌ಶೂವಿಗೂ ಉತ್ತರದ ಹೊಕ್ಕೈಡೋವಿಗೂ ನಡುವೆ ತ್ಸುಗಾರು ಜಲಸಂಧಿ ಇದೆ. ಬಹುಕಾಲ ಇದನ್ನು ದಾಟಲು ಹಡಗುಗಳೇ ಗತಿಯಾಗಿದ್ದವು. 1954ರ ಸೆಪ್ಟೆಂಬರ್ 26ರಂದು ಆ ಕಡಲಿನ ಮೇಲೆ ಭೀಕರ ಚಂಡಮಾರುತ ಎರಗಿತು. ಗಾಳಿ ತುಸು ತಗ್ಗಿ ಆಕಾಶ ತಿಳಿಯಾದುದನ್ನು ಕಂಡು, ಅಪಾಯ ಕಳೆಯಿತೆಂದು ನಂಬಿ, ತೋಯಾ ಮಾರು ಎಂಬ ಹಡಗು ಹಾಕೊಡಾಟೆ ಬಂದರನ್ನು ಬಿಟ್ಟಿತು. ಆದರೆ ಗಾಳಿ ಮತ್ತೆ ಮೊರೆಯಿತು. ಹಡಗು ಮುಳುಗಿ 1,100ಕ್ಕೂ ಹೆಚ್ಚು ಜನರು ಜಲಸಮಾಧಿಯಾದರು. ಸಮುದ್ರದಡಿಯ ದಾರಿಯ ಯೋಚನೆ ಅದಕ್ಕೂ ಮುಂಚೆಯೇ ಮೊಳೆತಿತ್ತು. ಆ ರಾತ್ರಿಯ ದುಃಖವು ಅದನ್ನು ದೃಢಸಂಕಲ್ಪವನ್ನಾಗಿ ಮಾಡಿತು.

ಕೆಲಸವು ಸುಲಭವಾಗಿರಲಿಲ್ಲ. ಸುರಂಗವು ಸಮುದ್ರದ ತಳದಿಂದ 100 ಮೀಟರ್ ಕೆಳಗೆ, ಸಮುದ್ರಮಟ್ಟದಿಂದ 240 ಮೀಟರ್ ಆಳದಲ್ಲಿ ಸಾಗಬೇಕಾಗಿತ್ತು. ಅಲ್ಲಿಯ ಬಂಡೆ ಒಂದೇ ಬಗೆಯದಲ್ಲ. ಒಂದೆಡೆ ಗಟ್ಟಿ, ಇನ್ನೊಂದೆಡೆ ಬಿರುಕುಬಿಟ್ಟು ಪುಡಿಯಾಗುವಂಥದು. ಆದುದರಿಂದ ಮೊದಲು ಒಂದು ಕಿರುಸುರಂಗವನ್ನು ಕೊರೆದು ಮುಂದಿನ ನೆಲವನ್ನು ಪರೀಕ್ಷಿಸಿದರು. ಬಿರುಕುಗಳಿಗೆ ಸಿಮೆಂಟಿನ ದ್ರಾವಣವನ್ನು ಒತ್ತಿ ತುಂಬಿ, ಬಂಡೆಯನ್ನು ಗಟ್ಟಿಗೊಳಿಸಿದ ಮೇಲೆಯೇ ಮುಂದಡಿಯಿಟ್ಟರು. ಆದರೂ ನಾಲ್ಕು ಸಲ ನೀರು ನುಗ್ಗಿತು. 1976ರಲ್ಲಿ ನುಗ್ಗಿದ ನೀರು ವರ್ಷಗಳ ಶ್ರಮವನ್ನೇ ನುಂಗುವಂತಾಯಿತು. ಕೆಲಸಗಾರರು ಕೈಚೆಲ್ಲಲಿಲ್ಲ. 1985ರಲ್ಲಿ ಎರಡೂ ಕಡೆಯಿಂದ ಕೊರೆದುಬಂದ ಮುಖ್ಯ ಸುರಂಗಗಳು ಒಂದಾದವು. 1988ರ ಮಾರ್ಚ್ 13ರಂದು ರೈಲು ಸಂಚಾರ ಆರಂಭವಾಯಿತು. ಅಷ್ಟರಲ್ಲಿ 34 ಮಂದಿ ಕೆಲಸಗಾರರು ಪ್ರಾಣ ತೆತ್ತಿದ್ದರು.

ಸುರಂಗ ಮುಗಿಯುವ ವೇಳೆಗೆ ಕಾಲ ಬದಲಾಗಿತ್ತು. ಪ್ರಯಾಣಿಕರಲ್ಲಿ ಬಹುಮಂದಿ ವಿಮಾನವನ್ನು ಹಿಡಿದಿದ್ದರು. ಇಷ್ಟು ಹಣವನ್ನೂ ಇಷ್ಟು ವರ್ಷಗಳನ್ನೂ ವ್ಯರ್ಥಮಾಡಲಾಯಿತೆಂದು ಟೀಕಾಕಾರರು ಆಕ್ಷೇಪಿಸಿದರು. ಈ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಸಾರ್ವಜನಿಕರ ಹಣದಿಂದ ನಡೆಯುವ ಕಾರ್ಯಕ್ಕೆ ಲೆಕ್ಕ ಕೊಡಲೇಬೇಕು. ಕೇವಲ ಕೀರ್ತಿಗಾಗಿ ಸಮುದ್ರವನ್ನು ಕೊರೆಯುವುದು ಜಾಣತನವಲ್ಲ.

ಆದರೆ ಆ ಲೆಕ್ಕವನ್ನು ಒಂದೆರಡು ವರ್ಷಗಳ ಲಾಭನಷ್ಟದಿಂದ ಮುಗಿಸುವುದು ನ್ಯಾಯವಲ್ಲ. ಹೊಕ್ಕೈಡೋವಿನ ಆಲೂಗಡ್ಡೆ, ಈರುಳ್ಳಿಗಳನ್ನು ಹೊತ್ತ ಸರಕುರೈಲುಗಳು ಬಿರುಗಾಳಿಯ ಅಂಜಿಕೆಯಿಲ್ಲದೆ ಈ ದಾರಿಯಲ್ಲಿ ಸಾಗುತ್ತವೆ. ನಿರ್ಮಾಣಕಾಲದಲ್ಲಿಯೇ, ಮುಂದೆಂದಾದರೂ ಅತಿವೇಗದ ರೈಲು ಓಡಬಹುದೆಂದು ಎಣಿಸಿ ಸುರಂಗವನ್ನು ಅದಕ್ಕೆ ತಕ್ಕಷ್ಟು ಅಗಲವಾಗಿ ಕೊರೆದಿದ್ದರು. 2016ರಲ್ಲಿ ಶಿಂಕಾನ್‌ಸೆನ್ ರೈಲು ಅದರಲ್ಲಿ ಓಡಿತು. ತಂದೆ ನೆಟ್ಟ ಮರದ ಹಣ್ಣನ್ನು ಮಕ್ಕಳು ಉಂಡಂತಾಯಿತು. 2015ರಲ್ಲಿ ರೈಲೊಂದರಿಂದ ಹೊಗೆ ಎದ್ದಾಗ, ಅಪಾಯಕಾಲಕ್ಕೆಂದು ಸುರಂಗದಲ್ಲಿ ಕಲ್ಪಿಸಿದ್ದ ಮಾರ್ಗದಿಂದ 124 ಪ್ರಯಾಣಿಕರು ಮೇಲೇರಿ ಪಾರಾದರು. ಮುಂದಾಲೋಚನೆಯ ಬೆಲೆಯನ್ನು ನಾಣ್ಯಗಳಲ್ಲಿ ಎಣಿಸಲಾದೀತೆ?

ಇನ್ನು ಉದ್ದದ ಮಾತು. 53.85 ಕಿಲೋಮೀಟರ್ ಉದ್ದದ ಸೇಕಾನ್, ತೆರೆದಾಗ ಜಗತ್ತಿನ ರೈಲು ಸುರಂಗಗಳಲ್ಲೆಲ್ಲ ಉದ್ದವಾದುದೆನಿಸಿತ್ತು. ಆದರೆ ಅದರಲ್ಲಿ ಸಮುದ್ರದಡಿಯ ಭಾಗ 23.3 ಕಿಲೋಮೀಟರ್ ಮಾತ್ರ. 1994ರಲ್ಲಿ ಇಂಗ್ಲೆಂಡನ್ನೂ ಫ್ರಾನ್ಸನ್ನೂ ಕೂಡಿಸಿದ ಸುರಂಗ, ಒಟ್ಟು ಉದ್ದದಲ್ಲಿ ಕಿರಿದಾದರೂ, ಸಮುದ್ರದಡಿಯಲ್ಲಿ ಸುಮಾರು 38 ಕಿಲೋಮೀಟರ್ ಸಾಗಿ ಇದನ್ನು ಹಿಂದಿಕ್ಕಿತು. 2016ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಪರ್ವತಗಳಡಿ ತೆರೆದ 57 ಕಿಲೋಮೀಟರ್ ಉದ್ದದ ಗೊಟ್ಟಾರ್ಡ್ ಸುರಂಗ ಒಟ್ಟು ಉದ್ದದಲ್ಲಿಯೂ ಮುಂದಾಯಿತು. ನಾಳೆ ಮತ್ತೊಂದು ಸುರಂಗ ಅದನ್ನೂ ಮೀರಬಹುದು. ದಾಖಲೆಗಳು ಅಲೆಗಳಂತೆ; ಒಂದರ ಮೇಲೊಂದು ಬಂದು ಅಳಿಯುತ್ತವೆ.

ಅಳಿಯದೆ ಉಳಿಯುವುದು ಬೇರೆ. ಸೇಕಾನ್ ಸುರಂಗದೊಳಕ್ಕೆ ಇಂದಿಗೂ ನೀರು ಜಿನುಗುತ್ತದೆ. ಪಂಪುಗಳು ಹಗಲಿರುಳು ಅದನ್ನು ಮೇಲೆತ್ತುತ್ತಲೇ ಇವೆ. ಮಾನವನು ಸಮುದ್ರವನ್ನು ಗೆದ್ದನೆಂದು ಹೇಳುವುದು ಅಹಂಕಾರದ ಮಾತಾದೀತು. ಅದರ ಬಲವನ್ನು ಅರಿತು, ಎಚ್ಚರದಿಂದ ಅದರೊಡನೆ ಬಾಳುವುದನ್ನು ಅವನು ಕಲಿತನು, ಅಷ್ಟೆ. ನಿಶ್ಚಿಂತೆಯಿಂದ ರೈಲಿನಲ್ಲಿ ಕುಳಿತು ಆ ಕಡಲನ್ನು ದಾಟುವ ಪ್ರತಿಯೊಬ್ಬ ಪ್ರಯಾಣಿಕನೂ ಆ 34 ಮಂದಿಗೆ ಋಣಿ. ಸುರಂಗದ ಹಿರಿಮೆಯನ್ನು ಅಳೆಯಬೇಕಾದುದು ಕಿಲೋಮೀಟರುಗಳಿಂದಲ್ಲ, ಅದು ಕಾಪಾಡುವ ಜೀವಗಳಿಂದ.