ಆ ತಾಯಿಯ ಎರಡು ದಿನದ ಕೂಲಿ

ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯ ಹತ್ತಿರ ಆ ತಾಯಿ, ಮಗ ಇಬ್ಬರೂ ಬಸ್ಸಿಳಿದಾಗ ಇನ್ನೂ ಏಳು ಗಂಟೆ ಆಗಿರಲಿಲ್ಲ. ಸಿಂಧನೂರು ಕಡೆಯಿಂದ ರಾತ್ರಿಯಿಡೀ ಕೂತೇ ಬಂದವರು. ತಾಯಿಯ ಕಂಕುಳಲ್ಲಿ ಒಂದು ಫೈಲು. ಮಳೆಗೆ ನೆನೆಯದಿರಲಿ ಎಂದು ಅದನ್ನು ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದಾರ ಕಟ್ಟಿದ್ದರು. ಏಳೆಂಟು ವರ್ಷದ ಹುಡುಗ, ಮುಖಕ್ಕೆ ಮಾಸ್ಕು. ಟೋಪಿ ತೆಗೆದು ತಲೆ ಕೆರೆದುಕೊಂಡಾಗ ನೋಡಿದೆ: ಎಳೆ ಗರಿಕೆಯಂತೆ ಒತ್ತಾಗಿ ಚಿಗುರಿದ ಹೊಸ ಕೂದಲು. ಪರಿಚಯದವರೊಬ್ಬರಿಗೆ ರಕ್ತ ಕೊಡಲು ಹೋಗಿದ್ದ ನಾನು ಅವರ ಜೊತೆ ಚಹಾ ಕುಡಿಯುತ್ತ ನಿಂತೆ.

"ಕೂದ್ಲಾ ಬಂದಾವ್ರಿ ಅಣ್ಣಾರ. ಉಣ್ತಾನ್ರಿ, ಸಾಲಿಗೂ ಹೊಂಟಾನ್ರಿ. ಆರಾಮ ಆಗ್ಯಾನಲ್ಲ, ಮತ್ಯಾಕ ಬೆಂಗ್ಳೂರಿಗೆ ಅಲೀತಿ ಅಂತಾರ್ರಿ ಮನ್ಯಾಗ" ಅಂದರು ಆ ತಾಯಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹತ್ತಿ ಬಿಡಿಸೂ ಹೊತ್ತಿನ್ಯಾಗ ಎರಡು ದಿನಾ ಬಿಟ್ರ ಮೂರನೇ ದಿನಾ ಕೆಲಸಕ್ಕ ಕರೆಯಂಗಿಲ್ರಿ" ಎಂದು ಸೇರಿಸಿದರು.

ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ. ಏಕೆಂದರೆ ಆ ಹುಡುಗನದು ವಾಸಿಯಾಗುವ ಕಾಯಿಲೆ. ನಾವು ಬ್ಲಡ್ ಕ್ಯಾನ್ಸರ್ ಎನ್ನುತ್ತೇವಲ್ಲ, ಅದರಲ್ಲಿ ಮಕ್ಕಳಿಗೆ ಹೆಚ್ಚಾಗಿ ಬರುವ ಬಗೆ ಅದು. ಆದರೆ ವಾಸಿಯಾಗಲು ಎರಡರಿಂದ ಮೂರು ವರ್ಷ ಬೇಕು. ಮೊದಲ ಕೆಲವು ತಿಂಗಳು ಘೋರ. ಕೀಮೋ, ಬೆನ್ನಿಗೆ ಸೂಜಿ, ಬಾಯಿ ತುಂಬ ಹುಣ್ಣು. ರಕ್ತಕಣಗಳ ಕೌಂಟ್ ಇಳಿದಾಗ ಸಣ್ಣ ಜ್ವರ ಬಂದರೂ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕು. ಬೆಳಗಾಗಲಿ ಎಂದು ಕಾಯುವಂತಿಲ್ಲ. ಹಾಗಾಗಿ ಹಳ್ಳಿಯವರು ಆಸ್ಪತ್ರೆಯ ಸುತ್ತಮುತ್ತಲೇ ಒಂದು ಕೋಣೆ ಹಿಡಿದು ಇರಬೇಕಾಗುತ್ತದೆ. ಎಮ್ಮೆ ಮಾರುವುದು, ಸಂಘದ ಸಾಲ ಎತ್ತುವುದು, ಇನ್ನೊಂದು ಮಗುವನ್ನು ಅಜ್ಜಿಯ ಮನೆಗೆ ಬಿಡುವುದು ಎಲ್ಲವೂ ಆಗಲೇ. ನೆಂಟರಿಷ್ಟರು ಆಗ ಬಂದು ಕೈಗೆ ನೂರೋ ಇನ್ನೂರೋ ಇಟ್ಟು ಹೋಗುತ್ತಾರೆ. ದಾನಿಗಳಿಗೂ ಆಗಲೇ ಕರುಳು ಚುರ್ ಎನ್ನುವುದು. ಬೋಳು ತಲೆಯ ಮಗುವಿನ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ.

ಆಮೇಲೆ ಕೂದಲು ಬರುತ್ತದೆ. ಆಗ ಎಲ್ಲರೂ ಹೊರಟುಹೋಗುತ್ತಾರೆ.

ಕೂದಲು ಬಂದ ಮೇಲಿನ ದೀರ್ಘ ಅವಧಿಗೆ ಡಾಕ್ಟರುಗಳು ಮೈಂಟೆನೆನ್ಸ್ ಎನ್ನುತ್ತಾರೆ. ದಿನಾ ರಾತ್ರಿ ಒಂದು ಮಾತ್ರೆ, ವಾರಕ್ಕೊಮ್ಮೆ ಇನ್ನೊಂದು, ಆಗಾಗ ಆಸ್ಪತ್ರೆಗೆ ಬಂದು ರಕ್ತಪರೀಕ್ಷೆ. ಮಗು ಗೋಲಿ ಆಡುತ್ತಿರುತ್ತದೆ, ಶಾಲೆಯಲ್ಲಿ ಮಗ್ಗಿ ಹೇಳುತ್ತಿರುತ್ತದೆ. ಆದರೆ ಕಣ್ಣಿಗೂ ಕಾಣದೆ, ಪರೀಕ್ಷೆಗೂ ಸಿಗದೆ ಅಡಗಿ ಕೂತ ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಕೆಲಸ ನಡೆಯುವುದು ಆ ತಿಂಗಳುಗಳಲ್ಲೇ. ಮಧ್ಯದಲ್ಲಿ ಮಾತ್ರೆ ಬಿಟ್ಟರೆ ರೋಗ ಮರಳುವ ಅಪಾಯ ಹೆಚ್ಚು. ಮರಳಿ ಬಂದ ರೋಗವನ್ನು ಓಡಿಸುವುದು ಬಹಳ ಕಷ್ಟ.

ವಾರಕ್ಕೊಮ್ಮೆ ಆ ಹುಡುಗ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆಯ ಹಿಂದೆ ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಇದ್ದಾರೆ. ಅಮೆರಿಕದಲ್ಲಿ ಅವರು ಮುನ್ನಡೆಸಿದ ಪ್ರಯೋಗಾಲಯದಿಂದ ಬಂದ ಔಷಧಗಳಿಂದಲೇ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ 1948ರ ಹೊತ್ತಿಗೆ, ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಲ್ಲಿ ರೋಗ ಹಿಮ್ಮೆಟ್ಟುವುದನ್ನು ಕಂಡದ್ದು. ಇನ್ನೊಂದು ಮುಖ್ಯ ಔಷಧ ವಿನ್‌ಕ್ರಿಸ್ಟೀನ್ ಬಂದದ್ದು ನಿತ್ಯಪುಷ್ಪದ ಗಿಡದಿಂದ, ನಮ್ಮ ಹಿತ್ತಿಲಿನಲ್ಲಿ ಯಾರೂ ನೀರು ಹಾಕದಿದ್ದರೂ ಹೂ ಬಿಡುವ ಅದೇ ಗಿಡದಿಂದ. ಔಷಧ ಇದೆ. ಜ್ಞಾನ ಇದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ಕೇಳಿ: ಪ್ರಪಂಚದಲ್ಲಿ ಪ್ರತಿ ವರ್ಷ ಸುಮಾರು 4 ಲಕ್ಷ ಮಕ್ಕಳು, ಹದಿಹರೆಯದವರು ಕ್ಯಾನ್ಸರಿಗೆ ತುತ್ತಾಗುತ್ತಾರೆ. ಶ್ರೀಮಂತ ದೇಶಗಳಲ್ಲಿ ಅವರಲ್ಲಿ ಶೇ 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ಅನೇಕ ದೇಶಗಳಲ್ಲಿ ಶೇ 30 ಮಂದಿಯೂ ಗುಣವಾಗುವುದಿಲ್ಲ. ಅದಕ್ಕೆ ಆ ಸಂಸ್ಥೆ ಕೊಡುವ ಕಾರಣಗಳಲ್ಲಿ ಒಂದು, ಚಿಕಿತ್ಸೆಯನ್ನು ನಡುವೆಯೇ ಬಿಟ್ಟುಬಿಡುವುದು.

ಸರ್ಕಾರ ಏನೂ ಮಾಡಿಲ್ಲ ಎಂದು ಹೇಳಿದರೆ ನನ್ನ ನಾಲಿಗೆಗೆ ಒಳ್ಳೆಯದಾಗದು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಶಕ್ತಿ ಯೋಜನೆಯಿಂದ ಆ ತಾಯಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ, ಜೊತೆಯಲ್ಲಿ ಬರುವವರಿಗೆ ರಿಯಾಯಿತಿ ಇದೆ. ಇಷ್ಟೆಲ್ಲ ಇದ್ದೂ ಒಂದು ಖರ್ಚು ಯಾರ ಲೆಕ್ಕಕ್ಕೂ ಬಂದಿಲ್ಲ. ಅದು ಆ ತಾಯಿ ಕಳೆದುಕೊಳ್ಳುವ ಕೂಲಿ. ಬರಲು ಒಂದು ದಿನ, ಹೋಗಲು ಒಂದು ದಿನ. ಕೌಂಟ್ ಕಡಿಮೆ ಬಂದರೆ ಇನ್ನೆರಡು ದಿನ. ಆಟೊ, ಊಟ, ರಾತ್ರಿ ತಂಗಲು ಒಂದು ಜಾಗ. ಔಷಧವೆಲ್ಲ ಸಿಕ್ಕಿಯೂ, ಎರಡು ದಿನದ ಕೂಲಿ ಹೋಗುತ್ತದೆಂಬ ಕಾರಣಕ್ಕೆ ಒಂದು ಮಗುವಿಗೆ ಚಿಕಿತ್ಸೆ ತಪ್ಪಿದರೆ, ಆ ಮಗುವಿನ ಊರಿನವರೆಲ್ಲ, ನಾನೂ ಸೇರಿದಂತೆ, ತಲೆ ತಗ್ಗಿಸಬೇಕು.

ಅದಕ್ಕಾಗಿಯೇ ಈ ಕರೆ. ಆ ಕೂಲಿಯ ಹಣ ಕೂಡಿಸಲು ಓಡೋಣ ಬನ್ನಿ.

ಓಡಿದರೆ ಏನಾಗುತ್ತದೆ ಎಂದು ಕೇಳುವವರಿಗೆ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಕೆನಡಾದ ಟೆರ್ರಿ ಫಾಕ್ಸ್‌ಗೆ 1977ರಲ್ಲಿ ಮೂಳೆಯ ಕ್ಯಾನ್ಸರ್ ಆದಾಗ ವಯಸ್ಸು 18. ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿ ತೆಗೆದರು. ಕೀಮೋ ತೆಗೆದುಕೊಳ್ಳುತ್ತ ಮಲಗಿದ್ದ ವಾರ್ಡಿನಲ್ಲಿ ಅಕ್ಕಪಕ್ಕದವರ, ಎಳೆಯ ಮಕ್ಕಳ ಸಂಕಟ ಕಂಡವನು ಅದನ್ನು ಅಲ್ಲಿಯೇ ಬಿಟ್ಟು ಬರಲು ಒಪ್ಪಲಿಲ್ಲ. 1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್‌ನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ಸಾಗರದ ನೀರಿಗೆ ಅದ್ದಿ ಓಡಲು ಶುರು ಮಾಡಿದ. ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್ ದೂರ. 143 ದಿನ, 5,373 ಕಿಲೋಮೀಟರ್. ಥಂಡರ್ ಬೇ ಹತ್ತಿರ ಎದೆಯಲ್ಲಿ ನೋವು ಕಾಣಿಸಿತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಮರುವರ್ಷ ಜೂನ್ 28ರಂದು ತೀರಿಕೊಂಡ. ಕೆನಡಾದ ಪ್ರತಿಯೊಬ್ಬರಿಂದ ಒಂದೊಂದು ಡಾಲರ್ ಎಂದು ಅವನು ಕೇಳಿದ್ದ. ಕಣ್ಣು ಮುಚ್ಚುವ ಮೊದಲೇ ಅಷ್ಟು ಹಣ ಕೂಡಿತ್ತು. ಅವನ ಹೆಸರಿನ ಮೊದಲ ಓಟ 1981ರಲ್ಲಿ ನಡೆದಾಗ ಸುಮಾರು 3 ಲಕ್ಷ ಜನ ಬಂದರು. ಸೋಲು ಗೆಲುವಿಲ್ಲದ ಓಟ ಅದು. ಓಡಲಾಗದವರು ನಡೆಯಬಹುದು, ಗಾಲಿಕುರ್ಚಿಯಲ್ಲಿ ಬರಬಹುದು, ಕೈಲಾದಷ್ಟು ಕೊಡಬಹುದು.

ನಮ್ಮ ಓಟವೂ ಹಾಗೇ ಇರಲಿ. ಫೆಬ್ರುವರಿ 15 ಅಂತರರಾಷ್ಟ್ರೀಯ ಬಾಲ್ಯ ಕ್ಯಾನ್ಸರ್ ದಿನ. ಅದಕ್ಕೆ ಹತ್ತಿರದ ಭಾನುವಾರ ನಿಮ್ಮ ತಾಲ್ಲೂಕು ಮೈದಾನದಲ್ಲಿ, ಕೆರೆ ಏರಿಯ ಮೇಲೆ, ಬಡಾವಣೆಯ ಪಾರ್ಕಿನ ಸುತ್ತ ಓಡಿ. ಐದು ಕಿಲೋಮೀಟರ್ ಆಗದಿದ್ದರೆ ಒಂದು. ಹಾರ, ಶಾಲು, ಪೆಂಡಾಲಿಗೆ ಒಂದು ರೂಪಾಯಿಯೂ ಹೋಗದಿರಲಿ. ಟೀ ಶರ್ಟು ಬೇಡ. ಮನೆಯಲ್ಲಿ ಇರುವುದನ್ನೇ ಹಾಕಿಕೊಂಡು ಬನ್ನಿ. ಮತ್ತೆ ಒಂದು ಮಾತು, ಕೈಮುಗಿದು ಕೇಳುತ್ತೇನೆ: ರೋಗಿ ಮಗುವನ್ನು ವೇದಿಕೆ ಹತ್ತಿಸಬೇಡಿ. ಅದರ ಫೋಟೊ ಬ್ಯಾನರಿಗೆ ಹಾಕಬೇಡಿ. ಆ ಮಗು ನಾಳೆ ದೊಡ್ಡದಾಗಿ ಅದೇ ಊರಿನಲ್ಲಿ ಮದುವೆಯಾಗಬೇಕು, ಬದುಕಬೇಕು. ಇದು ಅಂಟುರೋಗವೆಂದು ಈಗಲೂ ನೀರಿನ ಲೋಟ ಬೇರೆ ಇಡುವವರು ನಮ್ಮ ನಡುವೆ ಇದ್ದಾರೆ.

ಕೂಡಿದ ಹಣಕ್ಕೆ ಒಂದೇ ದಿನ ಚೆಕ್ ಬರೆದು ಕೈತೊಳೆದುಕೊಳ್ಳಬೇಡಿ. ಯಾವ ಮಗು ಈ ತಿಂಗಳು ಬರಲಿಲ್ಲ ಎಂಬುದು ಆಸ್ಪತ್ರೆಯ ಮಕ್ಕಳ ವಿಭಾಗದವರಿಗೆ ಗೊತ್ತಿರುತ್ತದೆ. ಅವರನ್ನು ಕೇಳಿ. ನಿಮ್ಮ ತಾಲ್ಲೂಕಿನ ಒಂದು ಕುಟುಂಬವನ್ನು, ಆಗುವುದಾದರೆ ಎರಡನ್ನು, ಹಿಡಿದುಕೊಳ್ಳಿ. ಪ್ರತಿ ಭೇಟಿಗೂ ಆ ತಾಯಿಗೋ ತಂದೆಗೋ ಕಳೆದ ಕೂಲಿಯನ್ನು, ಊಟ ವಸತಿಯ ಖರ್ಚನ್ನು ಕಟ್ಟಿಕೊಡಿ. ಹೊರಡುವ ಹಿಂದಿನ ದಿನ ಒಂದು ಫೋನ್ ಮಾಡಿ, "ಅಕ್ಕಾ, ನಾಳೆ ಬಸ್ಸು ಹತ್ತುತ್ತೀರಲ್ಲ?" ಎಂದು ಕೇಳಿ. ಡಾಕ್ಟರು ಮಾತ್ರೆ ಸಾಕು ಎನ್ನುವ ತನಕ ಕೈಬಿಡಬೇಡಿ. ವರ್ಷದ ಲೆಕ್ಕವನ್ನು ಮುಂದಿನ ಓಟದ ದಿನ ಎಲ್ಲರೆದುರು ಓದಿ.

ಹಣವಿಲ್ಲದವರು ರಕ್ತ ಕೊಡಿ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ಆದ್ದರಿಂದ ಕೊಡುವವರು ಸದಾ ಬೇಕು. ಮೈದಾನಕ್ಕೆ ಆಶಾ ಕಾರ್ಯಕರ್ತೆಯರನ್ನೂ ಶಾಲೆಯ ಮೇಷ್ಟ್ರುಗಳನ್ನೂ ಕರೆಯಿರಿ. ಬಿಡದ ಜ್ವರ, ಬಿಳಿಚಿದ ಮುಖ, ಪೆಟ್ಟು ಬೀಳದೆ ಮೂಡುವ ನೀಲಿ ಕಲೆ, ರಾತ್ರಿ ಎಬ್ಬಿಸುವ ಮೂಳೆ ನೋವು, ಹೊಟ್ಟೆಯಲ್ಲೋ ಕುತ್ತಿಗೆಯಲ್ಲೋ ಗಂಟು, ಫೋಟೊದಲ್ಲಿ ಕಣ್ಣಿನ ಪಾಪೆ ಬೆಳ್ಳಗೆ ಹೊಳೆಯುವುದು: ಇವು ಕಂಡರೆ ಯಂತ್ರ ಕಟ್ಟಿಸುತ್ತ ದಿನ ಕಳೆಯದೆ ದೊಡ್ಡಾಸ್ಪತ್ರೆಗೆ ಕಳಿಸಿ ಎಂದು ಅವರಿಗೆ ಹೇಳಿ.

ಆ ದಿನ ಚಹಾ ಮುಗಿಸಿ ಎದ್ದಾಗ ಹುಡುಗ ಟೋಪಿಯನ್ನು ಅವ್ವನ ಚೀಲಕ್ಕೆ ತುರುಕಿ ಗೇಟಿನ ಕಡೆಗೆ ಓಡಿದ. "ನಿಂದರೋ, ಬೀಳ್ತಿ" ಎನ್ನುತ್ತ ಆ ತಾಯಿ ಫೈಲನ್ನು ಎದೆಗವುಚಿಕೊಂಡು ಹಿಂದೆಯೇ ಓಡಿದರು. ಅವನಿಗೆ ಇನ್ನೂ 14 ತಿಂಗಳ ಮಾತ್ರೆ ಬಾಕಿ ಇದೆ.